ಕಾಲೇಜಿನಿಂದ ಕೋಚ್ ತರುವ ಮುನ್ನ

ನಮಸ್ಕಾರ. ಜನವರಿ ಬಂತೆಂದರೆ ಅಮೆರಿಕದ, ಹೆಚ್ಚಾಗಿ ಕೈಯಲ್ಲಿ ಚೆಂಡು ಹಿಡಿದು ಆಡುವ, ವೃತ್ತಿಪರ ಫುಟ್‌ಬಾಲ್ ಲೀಗ್ ಆದ ಎನ್‌ಎಫ್‌ಎಲ್‌ನಲ್ಲಿ ಗೆದ್ದ ತಂಡಗಳ ಅಭಿಮಾನಿಗಳು ಪ್ಲೇಆಫ್ ನೋಡುತ್ತಾರೆ, ಸೋತ ತಂಡಗಳ ಅಭಿಮಾನಿಗಳು ಮುಂದಿನ ಕೋಚ್ ಯಾರಾಗಬೇಕೆಂದು ಜಗಳವಾಡುತ್ತಾರೆ. ಆ ಜಗಳದಲ್ಲಿ ತಪ್ಪದೆ ಕೇಳಿಬರುವುದು ಯಾವುದಾದರೊಂದು ಕಾಲೇಜು ತಂಡದ ತಾರಾ ಕೋಚ್‌ನ ಹೆಸರು. ಕರ್ನಾಟಕದಲ್ಲಿ ಕುಳಿತು ಇದನ್ನು ಕೇಳುತ್ತಿರುವವರಿಗೆ ಕಾಲೇಜು ಆಟಕ್ಕೆ ಇಷ್ಟೊಂದು ಮಹತ್ವವೇಕೆ ಎನ್ನಿಸಬಹುದು. ಮಿಷಿಗನ್ ವಿಶ್ವವಿದ್ಯಾಲಯದ ಕ್ರೀಡಾಂಗಣದಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಜನ ಕೂರಬಹುದು, ಆಟದ ದಿನ ಅದು ಭರ್ತಿಯಾಗುತ್ತದೆ ಎಂದರೆ ಸಾಕೆಂದು ತೋರುತ್ತದೆ. ಹಾಗಾಗಿ ಅಲ್ಲಿ ವರ್ಷವಿಡೀ ಗೆಲ್ಲುವ ಕೋಚ್ ದೊಡ್ಡ ಮನುಷ್ಯನೇ ಸರಿ. ಅಂಥವರನ್ನು ವೃತ್ತಿಪರ ತಂಡಕ್ಕೆ ಕರೆತರಬೇಕೇ ಎಂಬ ಪ್ರಶ್ನೆಗೆ ನನ್ನ ಉತ್ತರವನ್ನು ನಾನು ಓದಿ ಕಂಡುಕೊಂಡದ್ದಲ್ಲ, ಫಿಲಡೆಲ್ಫಿಯಾ ಈಗಲ್ಸ್ ತಂಡದ ಅಭಿಮಾನಿಯಾಗಿ ಮೂರು ವರ್ಷ ಉಂಡು ತಿಳಿದದ್ದು.

2012ರ ಋತುವನ್ನು ಈಗಲ್ಸ್ 4 ಗೆಲುವು, 12 ಸೋಲುಗಳೊಂದಿಗೆ ಮುಗಿಸಿತು. 14 ಋತುಗಳ ಕಾಲ ತಂಡವನ್ನು ನಡೆಸಿದ ಆಂಡಿ ರೀಡ್ ಅವರನ್ನು ಡಿಸೆಂಬರ್ 31ರಂದು ಮನೆಗೆ ಕಳುಹಿಸಲಾಯಿತು. 1960ರ ನಂತರ ಒಂದೇ ಒಂದು ಚಾಂಪಿಯನ್‌ಶಿಪ್ ಕಾಣದ ತಂಡ ಅದು. ಎಲ್ಲರಿಗೂ ಹೊಸದೇನಾದರೂ ಬೇಕಾಗಿತ್ತು. ಒರೆಗಾನ್ ವಿಶ್ವವಿದ್ಯಾಲಯದ ಚಿಪ್ ಕೆಲಿ ಹೊಸದರಲ್ಲಿಯೂ ಹೊಸಬರಾಗಿದ್ದರು. ನಾಲ್ಕು ಋತುಗಳಲ್ಲಿ 46 ಗೆಲುವು, 7 ಸೋಲು. ಎದುರಾಳಿಗಳು ಉಸಿರು ತೆಗೆದುಕೊಳ್ಳುವ ಮುನ್ನವೇ ಮುಂದಿನ ಪ್ಲೇ, ಅಂದರೆ ಚೆಂಡನ್ನು ಮುಂದೊಯ್ಯುವ ಮುಂದಿನ ಯತ್ನ, ಆರಂಭಿಸಿಬಿಡುವ ಅವರ ವೇಗದ ಆಟ ದೇಶದ ತುಂಬ ಹೆಸರಾಗಿತ್ತು. ಆದರೆ ಎನ್‌ಎಫ್‌ಎಲ್‌ನಲ್ಲಿ ಒಂದು ದಿನವೂ ಕೆಲಸ ಮಾಡಿದವರಲ್ಲ. ಅಲ್ಲದೆ, ಒಂದು ವರ್ಷ ಮೊದಲು ಟ್ಯಾಂಪಾ ಬೇ ತಂಡಕ್ಕೆ ಹೋಗಲು ಬಹುತೇಕ ಒಪ್ಪಿ ಕೊನೆಗಳಿಗೆಯಲ್ಲಿ ಹಿಂದೆ ಸರಿದಿದ್ದರು.

ಆ ದಿನಗಳಲ್ಲಿ ನಾನು ಫಿಲಡೆಲ್ಫಿಯಾದಿಂದ ನದಿ ದಾಟಿದರೆ ಸಿಗುವ ದಕ್ಷಿಣ ನ್ಯೂಜೆರ್ಸಿಯಲ್ಲಿದ್ದೆ. ಮಂಗಳೂರು ಕಡೆಯ ಗೆಳೆಯರೊಬ್ಬರ ಮನೆಯಲ್ಲಿ ವಾರಾಂತ್ಯದ ಊಟ ಮುಗಿದ ಮೇಲೆ, ತಟ್ಟೆಯಲ್ಲಿ ಕೈ ಒಣಗುವವರೆಗೂ ಇದೇ ಚರ್ಚೆ. ಅವರು ಕೆಲಿ ಪಕ್ಷ, ನಾನು ವಿರೋಧ ಪಕ್ಷ. ಸ್ಟೀವ್ ಸ್ಪರಿಯರ್ ಅವರ ಉದಾಹರಣೆ ನನ್ನ ಬತ್ತಳಿಕೆಯಲ್ಲಿ ಸಿದ್ಧವಾಗಿತ್ತು. ಫ್ಲಾರಿಡಾದಲ್ಲಿ 1996ರ ರಾಷ್ಟ್ರೀಯ ಚಾಂಪಿಯನ್‌ಶಿಪ್ ಗೆದ್ದ ಅವರು ವಾಷಿಂಗ್ಟನ್ ತಂಡಕ್ಕೆ ಬಂದು, ತಮ್ಮ ಹಳೆಯ ಶಿಷ್ಯರಾದ ಕ್ವಾರ್ಟರ್‌ಬ್ಯಾಕ್‌ಗಳನ್ನೇ (ಚೆಂಡು ಎಸೆದು ಆಕ್ರಮಣ ನಡೆಸುವ ಆಟಗಾರರು) ನೆಚ್ಚಿಕೊಂಡು, ಎರಡು ಋತುಗಳಲ್ಲಿ 12 ಗೆದ್ದು 20 ಸೋತು ಹೊರಟುಹೋಗಿದ್ದರು. ಗೆಳೆಯರದು ಒಂದೇ ಮಾತು: "ನೀವು ಸುಮ್ಮನೆ ಹೆದರುತ್ತೀರಿ ಮಾರಾಯ್ರೆ. ಹಳೆಯ ಕಾಲದ ಲೆಕ್ಕವನ್ನು ಹೊಸ ಮನುಷ್ಯನಿಗೆ ಹಚ್ಚಬೇಡಿ." ಈಗಲ್ಸ್ ಮಾಲೀಕರಾದ ಜೆಫ್ರಿ ಲೂರಿ ಮತ್ತು ಅವರ ಸಂಗಡಿಗರು ಅರಿಜೋನಾದಲ್ಲಿ ಕೆಲಿ ಅವರೊಡನೆ ಒಂಬತ್ತು ಗಂಟೆಗಳ ಕಾಲ ಮಾತನಾಡಿದರು. ಮರುದಿನ ಕೆಲಿ ಕಾಲೇಜಿನಲ್ಲಿಯೇ ಉಳಿಯುವುದಾಗಿ ಹೇಳಿದರು. ಹತ್ತು ದಿನ ಕಳೆದು ಮನಸ್ಸು ಬದಲಿಸಿ ಜನವರಿ 16ರಂದು ಬಂದೇ ಬಿಟ್ಟರು. ಇಂಥ ಮದುಮಗ ಬೇಡವೆಂದು ಆಗಲೂ ನಾನು ಹೇಳಿದ್ದೆ, ಯಾರೂ ಕೇಳಲಿಲ್ಲ.

ಮೊದಲ ಪಂದ್ಯದ ರಾತ್ರಿ ನನ್ನ ಬಾಯಿ ಮುಚ್ಚಿತು. 2013ರ ಸೆಪ್ಟೆಂಬರ್ 9, ಸೋಮವಾರ, ವಾಷಿಂಗ್ಟನ್ ತಂಡದ ಅಂಗಳ. ಗೆರೆಯಾಚೆ ನಿಂತ ಸಹಾಯಕರು ಚಿತ್ರಗಳನ್ನು ಅಂಟಿಸಿದ ದೊಡ್ಡ ಹಲಗೆಗಳನ್ನು ಎತ್ತಿ ಹಿಡಿಯುತ್ತಿದ್ದರು. ಆಟಗಾರರು ಅತ್ತ ಒಮ್ಮೆ ಕಣ್ಣು ಹಾಯಿಸಿ, ಗುಂಪುಗೂಡಿ ಮಾತನಾಡುವ ಗೋಜಿಗೇ ಹೋಗದೆ ಸಾಲಾಗಿ ನಿಂತು ಚೆಂಡು ಎತ್ತುತ್ತಿದ್ದರು. ಮೊದಲರ್ಧದಲ್ಲಿಯೇ 53 ಪ್ಲೇಗಳು. ವಾಷಿಂಗ್ಟನ್ ಆಟಗಾರರು ಸೊಂಟದ ಮೇಲೆ ಕೈಯಿಟ್ಟು ಏದುಸಿರು ಬಿಡುತ್ತಿದ್ದುದು ಟಿವಿಯಲ್ಲಿ ಸ್ಪಷ್ಟವಾಗಿ ಕಾಣುತ್ತಿತ್ತು. ಈಗಲ್ಸ್ 33-27ರಿಂದ ಗೆದ್ದಿತು. ಗೆಳೆಯರು ನನ್ನತ್ತ ನೋಡಿ ಏನೂ ಹೇಳದೆ ಇನ್ನೊಂದು ಲೋಟ ಕಾಫಿ ಕೊಟ್ಟರು. ಆ ವರ್ಷ ತಂಡ 10 ಪಂದ್ಯ ಗೆದ್ದಿತು. ಕ್ವಾರ್ಟರ್‌ಬ್ಯಾಕ್ ನಿಕ್ ಫೋಲ್ಸ್ 27 ಟಚ್‌ಡೌನ್ (ಚೆಂಡನ್ನು ಎದುರಾಳಿಯ ಕೊನೆಯ ಗೆರೆ ದಾಟಿಸಿ ಅಂಕ ಗಳಿಸುವುದು) ಎಸೆದು ಕೇವಲ ಎರಡು ಬಾರಿ ಚೆಂಡನ್ನು ಎದುರಾಳಿಯ ಕೈಗೆ ಕೊಟ್ಟರು, ಲೆಶಾನ್ ಮೆಕಾಯ್ ಚೆಂಡು ಹಿಡಿದು 1,607 ಗಜ ಓಡಿ ಇಡೀ ಲೀಗ್‌ನಲ್ಲಿ ಮೊದಲಿಗರಾದರು, ಡೆಶಾನ್ ಜಾಕ್ಸನ್ ತಮ್ಮ ಬದುಕಿನ ಅತ್ಯುತ್ತಮ ಋತು ಆಡಿದರು.

ಈ ಮೂರು ಹೆಸರುಗಳನ್ನು ನೆನಪಿಟ್ಟುಕೊಳ್ಳಿ. 2014ರ ಮಾರ್ಚ್‌ನಲ್ಲಿ ಜಾಕ್ಸನ್ ಅವರನ್ನು, ಬದಲಿಗೆ ಏನನ್ನೂ ಪಡೆಯದೆ, ತಂಡದಿಂದ ಬಿಟ್ಟುಕೊಡಲಾಯಿತು. ಅವರು ನೇರವಾಗಿ ಅದೇ ವಾಷಿಂಗ್ಟನ್ ತಂಡ ಸೇರಿದರು. 2015ರ ಆರಂಭದಲ್ಲಿ ಆಟಗಾರರ ಆಯ್ಕೆಯ ಅಧಿಕಾರವನ್ನು ತಂಡದ ಜನರಲ್ ಮ್ಯಾನೇಜರ್ ಹೊವೀ ರೋಸ್‌ಮನ್ ಅವರ ಕೈಯಿಂದ ತೆಗೆದು ಕೆಲಿ ಅವರಿಗೆ ಒಪ್ಪಿಸಲಾಯಿತು. ಆ ಬೀಗದ ಕೈ ಸಿಕ್ಕ ಕೆಲವೇ ವಾರಗಳಲ್ಲಿ, ಈಗಲ್ಸ್ ಇತಿಹಾಸದಲ್ಲಿಯೇ ಅತಿ ಹೆಚ್ಚು ಗಜ ಓಡಿದ ಮೆಕಾಯ್ ಅವರು ಬಫಲೋಗೆ ಹೋದರು. ಪ್ರತಿಯಾಗಿ ಬಂದವರು ಕೀಕೋ ಅಲೋನ್ಸೊ, ಒರೆಗಾನ್‌ನಲ್ಲಿ ಕೆಲಿ ಅವರ ಕೈಕೆಳಗೆ ಆಡಿದ ಹುಡುಗ. ಫೋಲ್ಸ್ ಸೇಂಟ್ ಲೂಯಿಸ್‌ಗೆ ಹೋದರು. ಅವರ ಜಾಗಕ್ಕೆ ಮತ್ತೆ ಮತ್ತೆ ಮೊಣಕಾಲು ಮುರಿದುಕೊಂಡಿದ್ದ ಸ್ಯಾಮ್ ಬ್ರಾಡ್‌ಫರ್ಡ್ ಬಂದರು. ಆ ಋತು ಮುಗಿಯಲು ಒಂದು ಪಂದ್ಯ ಬಾಕಿಯಿರುವಾಗ, 6 ಗೆಲುವು 9 ಸೋಲುಗಳೊಂದಿಗೆ, ಡಿಸೆಂಬರ್ 29ರಂದು ಕೆಲಿ ಅವರ ಕೆಲಸ ಹೋಯಿತು.

ಇದನ್ನು ಹಲವರು ದುರಹಂಕಾರ ಎಂದರು. ನನಗೆ ಆ ಮಾತು ಒಪ್ಪಿಗೆಯಿಲ್ಲ, ಏಕೆಂದರೆ ಅಹಂಕಾರವಿಲ್ಲದ ಕೋಚ್ ಈ ವೃತ್ತಿಯಲ್ಲಿ ಒಂದು ವರ್ಷವೂ ಉಳಿಯುವುದಿಲ್ಲ. ನಾನು ಕಂಡುಕೊಂಡ ಕಾರಣ ಬೇರೆ. ಕಾಲೇಜಿನಲ್ಲಿ ಹುಡುಗರು ಮೂರು ನಾಲ್ಕು ವರ್ಷ ಇದ್ದು ಹೋಗುತ್ತಾರೆ, ಕೋಚ್ ಉಳಿಯುತ್ತಾರೆ. ಎಷ್ಟೇ ದೊಡ್ಡ ಆಟಗಾರನಾದರೂ ಅವನು ಹೊರಡುವ ದಿನ ಮೊದಲೇ ಗೊತ್ತಿರುವುದರಿಂದ, ಅಲ್ಲಿ ಗೆಲ್ಲುವ ಕೋಚ್‌ಗಳು ವ್ಯಕ್ತಿಯನ್ನು ನೆಚ್ಚುವುದಿಲ್ಲ, ತಮ್ಮ ಪದ್ಧತಿಯನ್ನು ನೆಚ್ಚುತ್ತಾರೆ. ಒಬ್ಬ ಹೋದರೆ ಮುಂದಿನ ವರ್ಷ ಹದಿನೇಳರ ಇನ್ನೊಬ್ಬ ಹುಡುಗನ ಮನೆಗೆ ಹೋಗಿ, ಅವನ ತಾಯಿಯ ಎದುರು ಸೋಫಾದಲ್ಲಿ ಕುಳಿತು, ಒಪ್ಪಿಸಿ ಕರೆತರುತ್ತಾರೆ. ಆಗಿನ ನಿಯಮದಂತೆ ವಿದ್ಯಾರ್ಥಿವೇತನ ಪಡೆವ 85 ಮಂದಿಯನ್ನು ಇಟ್ಟುಕೊಳ್ಳಬಹುದಿತ್ತು, ಗೆದ್ದ ಕಾಲೇಜಿಗೆ ಒಳ್ಳೆಯ ಹುಡುಗರು ತಾವಾಗಿಯೇ ಬರುತ್ತಿದ್ದರು. ಎನ್‌ಎಫ್‌ಎಲ್‌ನಲ್ಲಿ ಇದು ಪೂರ್ತಿ ತಿರುಗುಮುರುಗು. ತಂಡದಲ್ಲಿ 53 ಮಂದಿ. ಸಂಬಳದ ಒಟ್ಟು ಮಿತಿ ಎಲ್ಲ ತಂಡಗಳಿಗೂ ಒಂದೇ. ಹೊಸ ಆಟಗಾರರನ್ನು ಆರಿಸುವ ಡ್ರಾಫ್ಟ್‌ನಲ್ಲಿ ಹೆಚ್ಚು ಸೋತ ತಂಡಕ್ಕೇ ಮೊದಲ ಅವಕಾಶ. ಒಳ್ಳೆಯ ಕ್ವಾರ್ಟರ್‌ಬ್ಯಾಕ್ ಸಿಕ್ಕರೆ ಹತ್ತು ಹದಿನೈದು ವರ್ಷ ಅವನೇ ತಂಡದ ಮುಖ, ಅಷ್ಟರಲ್ಲಿ ಮೂವರು ಕೋಚ್‌ಗಳು ಬಂದು ಹೋಗಿರುತ್ತಾರೆ. ಕೆಲಿ ಅವರು ಜಾಕ್ಸನ್, ಮೆಕಾಯ್, ಫೋಲ್ಸ್ ಮೂವರನ್ನೂ ಕೊನೆಯ ವರ್ಷದ ವಿದ್ಯಾರ್ಥಿಗಳಂತೆ ಕಂಡರು: ಓದು ಮುಗಿಯಿತು, ಹೊರಡಲಿ, ಪದ್ಧತಿ ಇದೆಯಲ್ಲ.

ಅರ್ಬನ್ ಮೆಯರ್ ಅವರ ಕಥೆಯ ಬೇರೂ ಇದೇ, ಆದರೆ ಅದು ಇನ್ನೂ ಕೆಟ್ಟದಾಗಿ ಮುಗಿಯಿತು. ಕಾಲೇಜಿನಲ್ಲಿ ಮೂರು ರಾಷ್ಟ್ರೀಯ ಚಾಂಪಿಯನ್‌ಶಿಪ್, 187 ಗೆಲುವು, ಬರೀ 32 ಸೋಲು. 2021ರಲ್ಲಿ ಜಾಕ್ಸನ್‌ವಿಲ್ ತಂಡ ಅವರನ್ನು ಕರೆತಂದಿತು. 13 ಪಂದ್ಯಗಳಲ್ಲಿ 2 ಗೆದ್ದ ಅವರನ್ನು ಋತು ಮುಗಿಯುವ ಮೊದಲೇ ಕಳುಹಿಸಿತು. ಸಿನ್ಸಿನ್ನಾಟಿಯಲ್ಲಿ ಸೋತ ರಾತ್ರಿ ತಂಡದ ವಿಮಾನ ಹತ್ತದೆ ಒಹಾಯೋದಲ್ಲಿಯೇ ಉಳಿದುಕೊಂಡರು. ಕಾಲೇಜಿನಲ್ಲಾದರೆ ಹತ್ತೊಂಬತ್ತರ ಹುಡುಗ ಗುರುಗಳನ್ನು ಪ್ರಶ್ನಿಸುವುದಿಲ್ಲ. ಹೆಂಡತಿ, ಮಕ್ಕಳು, ಮನೆಯ ಸಾಲ ಇರುವ ಮೂವತ್ತರ ಆಟಗಾರ ಪ್ರಶ್ನಿಸುತ್ತಾನೆ. ಮರುವರ್ಷ ಅದೇ ಟ್ರೆವರ್ ಲಾರೆನ್ಸ್ ಕ್ವಾರ್ಟರ್‌ಬ್ಯಾಕ್ ಆಗಿದ್ದ ಅದೇ ತಂಡ ತನ್ನ ವಿಭಾಗವನ್ನೇ ಗೆದ್ದಿತು. ಕೋಚ್ ಬದಲಾಗಿದ್ದರು.

ಹಾಗಾದರೆ ಕಾಲೇಜಿನಿಂದ ಬಂದವರೆಲ್ಲ ಸೋತರೇ? ಇಲ್ಲ, ಮತ್ತು ಇಲ್ಲಿ ನನ್ನ ವಾದವನ್ನು ನಾನೇ ಸ್ವಲ್ಪ ತಿದ್ದಿಕೊಳ್ಳಬೇಕು. ಜಿಮ್ಮಿ ಜಾನ್ಸನ್ ಮಯಾಮಿಯಿಂದ ಡಲ್ಲಾಸ್‌ಗೆ ಬಂದ 1989ರಲ್ಲಿ ಬರೀ ಒಂದು ಪಂದ್ಯ ಗೆದ್ದು 15 ಸೋತರು. ಅದೇ ಋತುವಿನ ನಡುವೆ ತಂಡದ ದೊಡ್ಡ ತಾರೆ ಹರ್ಷಲ್ ವಾಕರ್ ಅವರನ್ನೇ ಮಿನ್ನೆಸೋಟಾಗೆ ಕೊಟ್ಟುಬಿಟ್ಟರು. ಮೇಲ್ನೋಟಕ್ಕೆ ಇದು ಕೆಲಿ ಮಾಡಿದ್ದೇ. ಆದರೆ ವಾಕರ್ ಬದಲಿಗೆ ಜಾನ್ಸನ್ ಪಡೆದದ್ದು ಮುಂದಿನ ಹಲವು ವರ್ಷಗಳ ಡ್ರಾಫ್ಟ್ ಅವಕಾಶಗಳನ್ನು, ಮತ್ತು ಕ್ವಾರ್ಟರ್‌ಬ್ಯಾಕ್ ಟ್ರಾಯ್ ಏಕ್‌ಮನ್ ಅವರನ್ನು ಅವರು ಕೈಬಿಡಲಿಲ್ಲ. ಮುಂದೆ ಲೀಗ್‌ನ ಫೈನಲ್ ಆದ ಸೂಪರ್ ಬೌಲ್‌ನಲ್ಲಿ ಸತತ ಎರಡು ಗೆಲುವು ಬಂದವು. ಇನ್ನು ಜಿಮ್ ಹಾರ್ಬಾ ಅವರನ್ನು ಕಾಲೇಜಿನ ಕೋಚ್ ಎಂದು ಕರೆಯುವುದೇ ಅರ್ಧ ಸುಳ್ಳು: ಅವರು ಸ್ವತಃ ಎನ್‌ಎಫ್‌ಎಲ್‌ನಲ್ಲಿ ವರ್ಷಾನುಗಟ್ಟಲೆ ಕ್ವಾರ್ಟರ್‌ಬ್ಯಾಕ್ ಆಗಿದ್ದವರು. 2024ರಲ್ಲಿ ಮಿಷಿಗನ್‌ಗೆ ಚಾಂಪಿಯನ್‌ಶಿಪ್ ತಂದು ಚಾರ್ಜರ್ಸ್‌ಗೆ ಹೋದಾಗ, 5 ಪಂದ್ಯ ಗೆದ್ದಿದ್ದ ಆ ತಂಡ 11 ಗೆದ್ದಿತು, ಜಸ್ಟಿನ್ ಹರ್ಬರ್ಟ್ ಅವರನ್ನು ಸುತ್ತಲೂ ಕಾಪಾಡಿಕೊಂಡೇ ಗೆದ್ದಿತು.

ನಿಕ್ ಸೇಬನ್ ಅವರ ವಿಷಯ ನನಗೆ ಇಂದಿಗೂ ಅಚ್ಚರಿ. ಕಾಲೇಜು ಆಟದ ಇತಿಹಾಸದಲ್ಲಿಯೇ ಅತಿ ದೊಡ್ಡ ಕೋಚ್ ಎಂದು ಹಲವರು ಒಪ್ಪುವ ಅವರು ಮಯಾಮಿ ಡಾಲ್ಫಿನ್ಸ್ ತಂಡದಲ್ಲಿ ಎರಡು ಋತು ನಡೆಸಿ 15 ಗೆದ್ದು 17 ಸೋತರು. 2006ರಲ್ಲಿ ಆ ತಂಡ ಬಯಸಿದ್ದ ಕ್ವಾರ್ಟರ್‌ಬ್ಯಾಕ್ ಡ್ರೂ ಬ್ರೀಸ್ ಅವರ ಭುಜಕ್ಕೆ ಶಸ್ತ್ರಚಿಕಿತ್ಸೆಯಾಗಿತ್ತು. ವೈದ್ಯರ ಅನುಮಾನದಿಂದ ಹಿಂದೆ ಸರಿದ ತಂಡ ಡಾಂಟೆ ಕಲ್‌ಪೆಪರ್ ಅವರನ್ನು ತಂದಿತು. ಬ್ರೀಸ್ ನ್ಯೂ ಆರ್ಲಿಯನ್ಸ್‌ಗೆ ಹೋಗಿ ಸೂಪರ್ ಬೌಲ್ ಗೆದ್ದರು, ಸೇಬನ್ ಅಲಬಾಮಾಗೆ ಹೋಗಿ ಆರು ರಾಷ್ಟ್ರೀಯ ಚಾಂಪಿಯನ್‌ಶಿಪ್ ಗೆದ್ದರು. ಒಂದು ಭುಜದ ವರದಿ ಬೇರೆ ರೀತಿಯಲ್ಲಿ ಬಂದಿದ್ದರೆ ಇವತ್ತು ಈ ಚರ್ಚೆಯಲ್ಲಿ ಅವರ ಹೆಸರು ಎದುರು ಬಣದ ಬತ್ತಳಿಕೆಯಲ್ಲಿರುತ್ತಿತ್ತು.

ಈಚೆಗೆ ಗೆಳೆಯರು ಹೊಸ ವಾದವೊಂದನ್ನು ತಂದಿದ್ದಾರೆ. 2021ರಿಂದ ಕಾಲೇಜು ಆಟಗಾರರು ತಮ್ಮ ಹೆಸರು, ಮುಖಗಳಿಂದ ಹಣ ಗಳಿಸಬಹುದು. ಬೇಡವಾದರೆ ಇನ್ನೊಂದು ಕಾಲೇಜಿಗೆ ಸುಲಭವಾಗಿ ವಲಸೆ ಹೋಗಬಹುದು. 2025ರಿಂದ ವಿಶ್ವವಿದ್ಯಾಲಯಗಳೇ ನೇರವಾಗಿ ಸಂಬಳ ಕೊಡಬಹುದು. ಹಾಗಾಗಿ ಈಗಿನ ಕಾಲೇಜು ಕೋಚ್‌ಗೆ ವೃತ್ತಿಪರ ಆಟಗಾರನನ್ನು ಸಂಭಾಳಿಸುವುದು ಹೊಸತಲ್ಲ ಎನ್ನುತ್ತಾರೆ. ಮಾತಿನಲ್ಲಿ ಹುರುಳಿದೆ. ಆದರೂ ನನಗೆ ಇದು ಉಲ್ಟಾ ಕಾಣುತ್ತದೆ. ಪ್ರತಿ ವರ್ಷ ಅರ್ಧ ತಂಡ ಬದಲಾಗುವ ಕಡೆ ಕೋಚ್ ಇನ್ನಷ್ಟು ಪದ್ಧತಿಯನ್ನೇ ನೆಚ್ಚುವವರಾಗುತ್ತಾರೆಯೇ ಹೊರತು, ಒಬ್ಬ ಆಟಗಾರನೊಂದಿಗೆ ಹತ್ತು ವರ್ಷ ಬಾಳುವುದನ್ನು ಅಲ್ಲಿ ಕಲಿಯುವುದು ಹೇಗೆ?

ನ್ಯಾಯವಾಗಿ ಇನ್ನೊಂದು ಮಾತನ್ನೂ ಹೇಳಬೇಕು. 2013ರಲ್ಲಿ ನಾನು ಬೆಂಬಲಿಸಿದ್ದು ಗಸ್ ಬ್ರಾಡ್ಲಿ ಅವರನ್ನು. ಎನ್‌ಎಫ್‌ಎಲ್‌ನಲ್ಲಿಯೇ ಪಳಗಿದ, ಅಪಾಯವಿಲ್ಲದ ಆಯ್ಕೆ ಎಂದು ವಾದಿಸಿದ್ದೆ. ಅವರು ಜಾಕ್ಸನ್‌ವಿಲ್‌ಗೆ ಹೋಗಿ 14 ಗೆದ್ದು 48 ಸೋತರು. ಗೆಳೆಯರು ಇದನ್ನು ಮರೆತಿಲ್ಲ. ನಾವೆಲ್ಲ ಹಳಸಲು ಎಂದು ಓಡಿಸಿದ ಆಂಡಿ ರೀಡ್ ಕಾನ್ಸಾಸ್ ಸಿಟಿಯಲ್ಲಿ ಮೂರು ಸೂಪರ್ ಬೌಲ್ ಗೆದ್ದರು, ಅದರಲ್ಲೊಂದು ನಮ್ಮ ಮೇಲೆಯೇ. ಹಿತ್ತಲ ಗಿಡ ಮದ್ದಲ್ಲ ಎಂಬ ಗಾದೆಯನ್ನು ನಾನೂ ಗೆಳೆಯರೂ ಸೇರಿಯೇ ನಿಜ ಮಾಡಿದ್ದೆವು.

ಕೆಲಿ ಹೋದ ಮೇಲೆ ಈಗಲ್ಸ್ ಕರೆತಂದದ್ದು ರೀಡ್ ಅವರ ಸಹಾಯಕರಾಗಿದ್ದ ಡಗ್ ಪೀಡರ್‌ಸನ್ ಅವರನ್ನು. ಆ ಹೆಸರು ಕೇಳಿ ಊರಿನಲ್ಲಿ ಯಾರೂ ಕುಣಿಯಲಿಲ್ಲ. ರೋಸ್‌ಮನ್ ಅವರಿಗೆ ಬೀಗದ ಕೈ ಮರಳಿತು, ಫೋಲ್ಸ್ ಕೂಡ ಬದಲಿ ಕ್ವಾರ್ಟರ್‌ಬ್ಯಾಕ್ ಆಗಿ ಮರಳಿದರು. 2018ರ ಫೆಬ್ರುವರಿ 4ರಂದು ಸೂಪರ್ ಬೌಲ್‌ನ ಮೊದಲರ್ಧ ಮುಗಿಯುವ ಹೊತ್ತಿಗೆ, ನಾಲ್ಕನೆಯ, ಅಂದರೆ ಕೊನೆಯ, ಯತ್ನದಲ್ಲಿ, ಗೆರೆಯ ಬಳಿಗೆ ಬಂದು ಯಾವ ಪ್ಲೇ ಆಡಬೇಕೆಂದು ಕೋಚ್‌ಗೆ ಸೂಚಿಸಿದವರು ಫೋಲ್ಸ್. ಪೀಡರ್‌ಸನ್ ಒಂದು ಕ್ಷಣ ಯೋಚಿಸಿ ಒಪ್ಪಿದರು, ಫೋಲ್ಸ್ ತಾವೇ ಓಡಿಹೋಗಿ ಚೆಂಡು ಹಿಡಿದು ಟಚ್‌ಡೌನ್ ಗಳಿಸಿದರು. ಈಗಲ್ಸ್ 41-33ರಿಂದ ಗೆದ್ದಿತು. ಆಟಗಾರನ ಮಾತಿಗೆ ಕೋಚ್ ತಲೆಯಾಡಿಸಿದ ಆ ಕ್ಷಣವನ್ನು ನಾನು ಮತ್ತೆ ಮತ್ತೆ ಹಾಕಿ ನೋಡಿದ್ದೇನೆ.

ಆ ರಾತ್ರಿ ಗೆಳೆಯರು ಫೋನ್ ಮಾಡಿ ಅತ್ತರು, ನಾನೂ ಅತ್ತೆ. ಕೆಲಿ ಅವರ ಹೆಸರನ್ನು ಇಬ್ಬರೂ ಎತ್ತಲಿಲ್ಲ. ಎತ್ತಿದ್ದು 2025ರ ಜನವರಿಯಲ್ಲಿ, ಒಹಾಯೋ ಸ್ಟೇಟ್ ತಂಡದ ಆಕ್ರಮಣ ವಿಭಾಗದ ಹೊಣೆ ಹೊತ್ತಿದ್ದ ಕೆಲಿ ಕಾಲೇಜು ಚಾಂಪಿಯನ್‌ಶಿಪ್ ಗೆದ್ದ ಮೇಲೆ. "ನೋಡಿದಿರಾ ಮಾರಾಯ್ರೆ, ಮನುಷ್ಯ ಬುದ್ಧಿವಂತ ಅಂತ ನಾನು ಹೇಳಿರಲಿಲ್ಲವೇ?" ಎಂದರು. ಆ ಗೆಲುವಿನ ಬೆನ್ನಲ್ಲೇ ಲಾಸ್ ವೇಗಾಸ್‌ನ ರೈಡರ್ಸ್ ತಂಡ ಕೆಲಿ ಅವರನ್ನು ಮತ್ತೆ ಎನ್‌ಎಫ್‌ಎಲ್‌ಗೆ ಕರೆತಂದು, ನವೆಂಬರ್‌ನಲ್ಲಿ, ಋತುವಿನ ನಡುವೆಯೇ, ತೆಗೆದುಹಾಕಿತು. ಆಗ ಫೋನ್ ಮಾಡಿದವನು ನಾನು, ಗೆಳೆಯರು ಎತ್ತಲಿಲ್ಲ.