ಹೊಟ್ಟೆ ಕ್ಯಾನ್ಸರಿಗೆ ಜಾತಕ ಬರೆಸೋದು ಬೇಡ

ನಮಸ್ಕಾರ. ಕೋಲಾರದಿಂದ ಮಾತಾಡುತ್ತಿದ್ದೇನೆ. ನಾನು ಡಾಕ್ಟರ್ ಅಲ್ಲ. ಬಯಾಪ್ಸಿ ತುಣುಕನ್ನು ಮೇಣದಲ್ಲಿ ಕೂರಿಸಿ, ತೆಳ್ಳಗೆ ಕತ್ತರಿಸಿ, ಬಣ್ಣ ಹಾಕಿ ಪೆಥಾಲಜಿಸ್ಟ್ ಮೇಜಿಗೆ ಕಳಿಸುವ ಲ್ಯಾಬ್ ಟೆಕ್ನೀಷಿಯನ್. ಆದ್ದರಿಂದ ಇವತ್ತು ಚಿಕಿತ್ಸೆಯ ಸಲಹೆ ಕೊಡೋದಿಲ್ಲ. ನನ್ನದೊಂದು ತಕರಾರು ಇದೆ, ಅದನ್ನು ಹೇಳುತ್ತೇನೆ.

ಹೊಟ್ಟೆ ಕ್ಯಾನ್ಸರ್ ಅಂತ ಗೊತ್ತಾದ ಮೇಲೆ ಮನೆಯವರು ರಾತ್ರಿಯೆಲ್ಲಾ ಫೋನು ನೋಡುತ್ತಾರೆ. ಬೆಳಿಗ್ಗೆ ಬಂದು ಕೇಳುತ್ತಾರೆ: "ಎಪಿಜೆನೆಟಿಕ್ ಮಾರ್ಕರ್ ಅಂತ ಇದೆಯಂತಲ್ಲ ಸಾರ್, ಅದನ್ನು ಮಾಡಿಸಿದರೆ ಅಪ್ಪ ಎಷ್ಟು ವರ್ಷ ಇರ್ತಾರೆ ಅಂತ ಗೊತ್ತಾಗುತ್ತಂತೆ?" ಕೇಳೋದರಲ್ಲಿ ತಪ್ಪೇನೂ ಇಲ್ಲ. ಯಾರಿಗಾದರೂ ಮೊದಲು ಬರುವ ಪ್ರಶ್ನೆಯೇ ಅದು. ಆದರೆ ನನ್ನ ಪ್ರಕಾರ, ಮುಂದಿನ ಚಿಕಿತ್ಸೆಯಲ್ಲಿ ಏನನ್ನೂ ಬದಲಾಯಿಸದ ಮಾರ್ಕರ್‌ಗೆ ದುಡ್ಡು ಸುರಿಯೋದೂ ಜಾತಕ ಬರೆಸೋದೂ ಒಂದೇ. ಚಿಕಿತ್ಸೆಯ ದಾರಿ ಬದಲಾಯಿಸಬಲ್ಲ ಒಂದು ಮಾರ್ಕರ್ ಮಾತ್ರ ಇದಕ್ಕೆ ಹೊರತು. ಬೇಜಾರಿನ ವಿಷಯ ಅಂದರೆ, ಅದನ್ನೇ ಯಾರೂ ಕೇಳೋದಿಲ್ಲ.

ಮೊದಲು ಈ ಎಪಿಜೆನೆಟಿಕ್ ಮಾರ್ಕರ್ ಅಂದರೇನು ಅಂತ ನೋಡೋಣ. ಡಿಎನ್‌ಎಯಲ್ಲಿ ಅಕ್ಷರಗಳು ಇದ್ದ ಹಾಗೇ ಇರುತ್ತವೆ. ಅವುಗಳ ಮೇಲೆ ಮೀಥೈಲ್ ಅನ್ನುವ ಪುಟ್ಟ ರಾಸಾಯನಿಕ ಬಂದು ಅಂಟಿಕೊಳ್ಳುತ್ತದೆ. ಜೀನು ಶುರುವಾಗುವ ಜಾಗದಲ್ಲಿ ಇದು ಜಾಸ್ತಿಯಾದರೆ ಆ ಜೀನು ಕೆಲಸ ನಿಲ್ಲಿಸಿಬಿಡುತ್ತದೆ. ಜೀನು ಕೆಟ್ಟಿರೋದಿಲ್ಲ, ಬಾಯಿ ಮುಚ್ಚಿರುತ್ತದೆ ಅಷ್ಟೇ. ಹೊಟ್ಟೆಯಲ್ಲಿ ಹೀಗೆ ಬಾಯಿ ಮುಚ್ಚುವ ಜೀನುಗಳು ಬೇಕಾದಷ್ಟಿವೆ. ಜೀವಕಣಗಳನ್ನು ಒಂದಕ್ಕೊಂದು ಹಿಡಿದಿಡುವ ಪ್ರೋಟೀನ್ ಮಾಡುವ ಸಿಡಿಎಚ್1, ಕಣ ಬೇಕಾಬಿಟ್ಟಿ ಬೆಳೆಯದ ಹಾಗೆ ತಡೆಯುವ ಪಿ16, ಡಿಎನ್‌ಎ ನಕಲಾಗುವಾಗ ಆದ ತಪ್ಪು ತಿದ್ದುವ ಎಂಎಲ್‌ಎಚ್1, ಹೀಗೆ.

ಇದಕ್ಕೆ ದೊಡ್ಡ ಕಾರಣ ಹೆಲಿಕೋಬ್ಯಾಕ್ಟರ್ ಪೈಲೋರಿ ಅನ್ನುವ ಬ್ಯಾಕ್ಟೀರಿಯಾ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಅಂಗ 1994ರಲ್ಲೇ ಇದು ಮನುಷ್ಯರಲ್ಲಿ ಕ್ಯಾನ್ಸರ್ ತರುತ್ತದೆ ಅಂತ ಘೋಷಿಸಿತು. ಇದನ್ನು ಕಂಡುಹಿಡಿದ ಬ್ಯಾರಿ ಮಾರ್ಷಲ್ ಮತ್ತು ರಾಬಿನ್ ವಾರೆನ್ ಅವರಿಗೆ 2005ರಲ್ಲಿ ನೊಬೆಲ್ ಬಂತು. ಮಾರ್ಷಲ್ ಆ ಬ್ಯಾಕ್ಟೀರಿಯಾವನ್ನು ತಾವೇ ಕುಡಿದು ತೋರಿಸಿದವರು. ಎಂಥಾ ಧೈರ್ಯ, ಅಲ್ವಾ? ಇದು ವರ್ಷಗಟ್ಟಲೆ ಹೊಟ್ಟೆಯ ಒಳಪದರದಲ್ಲಿ ಉರಿಯೂತ ಎಬ್ಬಿಸುತ್ತಾ ಹೋದಂತೆ, ಗಡ್ಡೆ ಕಾಣಿಸಿಕೊಳ್ಳುವ ಎಷ್ಟೋ ಮೊದಲೇ ಮೀಥೈಲ್ ಗುರುತುಗಳು ಸೇರಿಕೊಳ್ಳುತ್ತವೆ. ಔಷಧಿ ಕೊಟ್ಟು ಬ್ಯಾಕ್ಟೀರಿಯಾ ಓಡಿಸಿದರೆ ಒಂದಷ್ಟು ಕಡಿಮೆಯಾಗುತ್ತವೆ, ಪೂರ್ತಿ ಹೋಗೋದಿಲ್ಲ. ಜಪಾನಿನವರು ಇದನ್ನು ಚೆನ್ನಾಗಿ ಬಳಸಿಕೊಂಡರು. ಆರಂಭದ ಗಡ್ಡೆ ತೆಗೆಸಿಕೊಂಡು, ಬ್ಯಾಕ್ಟೀರಿಯಾವನ್ನೂ ಕಳೆದುಕೊಂಡವರ ಹೊಟ್ಟೆಯ ಒಳಪದರದಲ್ಲಿ ಒಂದು ಜೀನಿನ ಮೀಥೈಲ್ ಮಟ್ಟ ಅಳೆದು, ವರ್ಷಗಟ್ಟಲೆ ಕಾದು ನೋಡಿದರು. ಮಟ್ಟ ಜಾಸ್ತಿ ಇದ್ದವರಲ್ಲಿ ಹೊಸ ಕ್ಯಾನ್ಸರ್ ಜಾಸ್ತಿ ಬಂತು ಅಂತ 2015ರಲ್ಲಿ ಪ್ರಕಟಿಸಿದರು. ಯಾರಿಗೆ ಮತ್ತೆ ಮತ್ತೆ ಎಂಡೋಸ್ಕೋಪಿ ಮಾಡಬೇಕು ಅಂತ ನಿರ್ಧರಿಸಲು ಅಂಥ ಗುರುತು ಉಪಯೋಗಕ್ಕೆ ಬರುತ್ತದೆ. ಅದು ಕೆಲಸದ ಮಾರ್ಕರ್.

ಆದರೆ "ಈ ಜೀನು ಮುಚ್ಚಿದ್ದರೆ ಇಷ್ಟು ವರ್ಷ" ಅನ್ನುವ ಕಥೆ ಬೇರೆ. 2002ರಲ್ಲಿ ಆರ್‌ಯುಎನ್‌ಎಕ್ಸ್3 ಅನ್ನುವ ಜೀನು ದೊಡ್ಡ ಸುದ್ದಿಯಾಯಿತು. ಆಮೇಲೆ ಆ ಜೀನು ಹೊಟ್ಟೆಯ ಒಳಪದರದ ಕಣಗಳಲ್ಲಿ ಕೆಲಸ ಮಾಡುತ್ತದಾ ಅನ್ನುವುದಕ್ಕೇ ವಿಜ್ಞಾನಿಗಳ ನಡುವೆ ಜಗಳ ಬಿತ್ತು. ಒಟ್ಟೊಟ್ಟಿಗೆ ಹತ್ತಾರು ಜೀನು ಮುಚ್ಚಿರುವ ಗಡ್ಡೆಗಳ ಬಗ್ಗೆಯೂ ಹಾಗೇ. ಒಂದು ಅಧ್ಯಯನ ಆಯಸ್ಸು ಜಾಸ್ತಿ ಅಂದಿತು, ಇನ್ನೊಂದು ಕಡಿಮೆ ಅಂದಿತು, ಮತ್ತೊಂದು ಏನೂ ವ್ಯತ್ಯಾಸ ಇಲ್ಲ ಅಂದಿತು. ಸುಮ್ನೆ ಹೀಗಾಗೋದಿಲ್ಲ. ಒಬ್ಬೊಬ್ಬರು ಬೇರೆ ಬೇರೆ ಜೀನು ಆರಿಸುತ್ತಾರೆ, ಬೇರೆ ಗೆರೆ ಹಾಕಿ ಜಾಸ್ತಿ ಕಡಿಮೆ ಅನ್ನುತ್ತಾರೆ. ತುಣುಕಿನಲ್ಲಿ ಕ್ಯಾನ್ಸರ್ ಎಷ್ಟು, ಒಳ್ಳೆ ಕಣ ಎಷ್ಟು ಅನ್ನುವುದೂ ಲೆಕ್ಕ ತಪ್ಪಿಸುತ್ತದೆ. ವಯಸ್ಸಾದಂತೆ ಮೀಥೈಲ್ ತಾನಾಗೇ ಏರುತ್ತದೆ, ಅದು ಬೇರೆ.

ಈಗ ನಾನು ಹೊರತು ಅಂದೆನಲ್ಲ, ಆ ಎಂಎಲ್‌ಎಚ್1ಗೆ ಬರೋಣ. 2014ರಲ್ಲಿ ಅಮೆರಿಕದ ಕ್ಯಾನ್ಸರ್ ಜೀನೋಮ್ ಅಟ್ಲಾಸ್ ತಂಡ 295 ಹೊಟ್ಟೆ ಗಡ್ಡೆಗಳನ್ನು ಜಾಲಾಡಿ ನಾಲ್ಕು ಬಗೆ ಮಾಡಿತು. ನೂರಕ್ಕೆ 22ರಷ್ಟು ಎಂಎಸ್‌ಐ ಅನ್ನುವ ಗುಂಪಿಗೆ ಬಿದ್ದವು. ಇವುಗಳಲ್ಲಿ ತಪ್ಪು ತಿದ್ದುವ ವ್ಯವಸ್ಥೆ ಕೈಕೊಟ್ಟಿರುತ್ತದೆ, ಹೆಚ್ಚಿನ ಸಲ ಎಂಎಲ್‌ಎಚ್1 ಮೀಥೈಲಿನಿಂದ ಮುಚ್ಚಿಹೋಗಿರುತ್ತದೆ. ತಪ್ಪುಗಳು ರಾಶಿ ಬೀಳುತ್ತವೆ. ವಿಚಿತ್ರ ನೋಡಿ, ಅದೇ ರೋಗಿಗೆ ಅನುಕೂಲ. ಇಷ್ಟೊಂದು ವಿಕಾರವಾದ ಕಣಗಳನ್ನು ದೇಹದ ರೋಗನಿರೋಧಕ ಶಕ್ತಿ ಬೇಗ ಗುರುತು ಹಿಡಿಯುತ್ತದೆ.

2019ರಲ್ಲಿ ನಾಲ್ಕು ದೊಡ್ಡ ಟ್ರಯಲ್‌ಗಳ 1556 ರೋಗಿಗಳ ಮಾಹಿತಿ ಒಟ್ಟುಹಾಕಿ ನೋಡಿದರು. ಎಲ್ಲರೂ ಆಪರೇಷನ್ ಮಾಡಬಹುದಾದ ಹಂತದವರು. ಐದು ವರ್ಷಕ್ಕೆ ಬದುಕಿದ್ದವರು ಎಂಎಸ್‌ಐ ಗುಂಪಿನಲ್ಲಿ ನೂರಕ್ಕೆ 77, ಉಳಿದವರಲ್ಲಿ 59. ಅದಕ್ಕಿಂತ ಮುಖ್ಯ ಏನಂದರೆ, ಎಂಎಸ್‌ಐ ಗುಂಪಿನವರಿಗೆ ಆಪರೇಷನ್ ಜೊತೆ ಕೀಮೋ ಸೇರಿಸಿದ್ದರಿಂದ ಲಾಭ ಕಾಣಲಿಲ್ಲ. ಉಳಿದವರಿಗೆ ಕಂಡಿತು. ಆಮೇಲೆ ಫ್ರಾನ್ಸಿನಲ್ಲಿ ಈ ಗುಂಪಿನ 32 ಜನರಿಗೆ ಆಪರೇಷನ್‌ಗೆ ಮುಂಚೆ ಇಮ್ಯುನೊಥೆರಪಿ, ಅಂದರೆ ದೇಹದ ರೋಗನಿರೋಧಕ ಶಕ್ತಿಯನ್ನೇ ಕ್ಯಾನ್ಸರ್ ಮೇಲೆ ಎತ್ತಿಕಟ್ಟುವ ಔಷಧಿ, ಕೊಟ್ಟರು. ಆಪರೇಷನ್ ಆದ 29 ಜನರಲ್ಲಿ 17 ಮಂದಿಯ ತುಣುಕಿನಲ್ಲಿ ಕ್ಯಾನ್ಸರ್ ಕಣವೇ ಉಳಿದಿರಲಿಲ್ಲ. ಸಣ್ಣ ಅಧ್ಯಯನ, ನಿಜ. ಔಷಧಿ ದುಬಾರಿ, ಅದೂ ನಿಜ. ಆದರೂ ಇಲ್ಲಿ ಮಾರ್ಕರ್ ನೋಡಿ ಡಾಕ್ಟರ್ ಬೇರೆ ದಾರಿ ಯೋಚಿಸಬಹುದು.

ಇದನ್ನು ನೋಡೋಕೆ ಜೀನು ಓದುವ ದೊಡ್ಡ ಮೆಷಿನ್ ಏನೂ ಬೇಡ. ಐಎಚ್‌ಸಿ ಅಂತ ಒಂದು ಬಣ್ಣದ ಪರೀಕ್ಷೆ ಸಾಕು. ತಪ್ಪು ತಿದ್ದುವ ನಾಲ್ಕು ಪ್ರೋಟೀನಿಗೆ ನಾಲ್ಕು ಸ್ಲೈಡು. ಪ್ರೋಟೀನ್ ಇದ್ದರೆ ಕಣದ ನಡುಭಾಗ ಕಂದು ಬಣ್ಣಕ್ಕೆ ತಿರುಗುತ್ತದೆ, ಇಲ್ಲದಿದ್ದರೆ ತಿಳಿನೀಲಿಯಾಗಿಯೇ ಉಳಿಯುತ್ತದೆ. ಎಂಎಲ್‌ಎಚ್1 ಕಳೆದುಕೊಂಡ ಗಡ್ಡೆಯ ಸ್ಲೈಡಿನಲ್ಲಿ ಕ್ಯಾನ್ಸರ್ ಕಣಗಳೆಲ್ಲಾ ನೀಲಿ, ಅವುಗಳ ನಡುವೆ ನುಗ್ಗಿರುವ ಬಿಳಿ ರಕ್ತಕಣಗಳು ಮಾತ್ರ ಕಂದು ಚುಕ್ಕೆಗಳು. ಆ ಕಂದು ಚುಕ್ಕೆ ಇದ್ದರೇನೇ ನಮಗೆ ಸಮಾಧಾನ. ಅವೂ ನೀಲಿಯಾಗಿದ್ದರೆ ಬಣ್ಣವೇ ಹಿಡಿದಿಲ್ಲ ಅಂತ ಅರ್ಥ, ಮತ್ತೆ ಮಾಡಬೇಕು.

ಮನೆಯವರ ಎರಡನೇ ಪ್ರಶ್ನೆ, "ನಮ್ಮ ಮಕ್ಕಳಿಗೂ ಬರುತ್ತಾ?" ಅದಕ್ಕೂ ಇಲ್ಲೇ ಸ್ವಲ್ಪ ಉತ್ತರ ಸಿಗುತ್ತದೆ. ಎಂಎಲ್‌ಎಚ್1 ಮೀಥೈಲಿನಿಂದ ಮುಚ್ಚಿದ್ದರೆ ಅದು ಸಾಮಾನ್ಯವಾಗಿ ಆ ಗಡ್ಡೆಯ ಕಥೆ, ವಂಶದ್ದಲ್ಲ. ಮೀಥೈಲ್ ಇಲ್ಲದೆಯೂ ಪ್ರೋಟೀನ್ ಕಾಣೆಯಾಗಿದ್ದರೆ ಆಗ ಜೆನೆಟಿಕ್ ಕೌನ್ಸೆಲಿಂಗ್ ಬೇಕು.

ಇಷ್ಟೆಲ್ಲಾ ಹೇಳಿದೆ. ಆದರೂ ಆಯಸ್ಸನ್ನು ಜಾಸ್ತಿ ತೀರ್ಮಾನಿಸೋದು ಇವತ್ತಿಗೂ ಸ್ಟೇಜೇ. ಅಮೆರಿಕದ ಲೆಕ್ಕದಲ್ಲಿ ಹೊಟ್ಟೆಯೊಳಗೇ ಇರುವಾಗ ಸಿಕ್ಕರೆ ಐದು ವರ್ಷ ಬದುಕುವವರು ನೂರಕ್ಕೆ ಸುಮಾರು 75, ದೂರದ ಅಂಗಗಳಿಗೆ ಹರಡಿದ ಮೇಲೆ 10ಕ್ಕಿಂತ ಕಡಿಮೆ. ಕೊರಿಯಾದಲ್ಲಿ 40 ದಾಟಿದವರಿಗೆ ಎರಡು ವರ್ಷಕ್ಕೊಮ್ಮೆ ಸರ್ಕಾರವೇ ತಪಾಸಣೆ ಮಾಡಿಸುತ್ತದೆ. ನಮ್ಮಲ್ಲಿ ಅಷ್ಟು ಕ್ಯಾನ್ಸರ್ ಇಲ್ಲ, ಹಾಗೆ ಎಲ್ಲರಿಗೂ ಮಾಡಿಸೋದು ಅಗತ್ಯವೂ ಇಲ್ಲ. ನಮ್ಮ ಕಡೆ ನಡೆಯೋದು ಇನ್ನೊಂದು. ಶ್ರೀನಿವಾಸಪುರದ ರೈತ ಇರಲಿ, ಮುಳಬಾಗಿಲಿನ ಮೇಷ್ಟ್ರು ಇರಲಿ, ಹೊಟ್ಟೆ ಉರಿದರೆ ಗ್ಯಾಸ್ಟ್ರಿಕ್ ಅಂತ ಮೆಡಿಕಲ್ ಸ್ಟೋರಿನಲ್ಲಿ ಮಾತ್ರೆ ತಗೊಂಡು ನುಂಗುತ್ತಾರೆ. ಆಸಿಡ್ ಕಡಿಮೆಯಾಗಿ ಹುಣ್ಣು ಒಂದಿಷ್ಟು ದಿನ ಸುಮ್ಮನಿರುತ್ತದೆ. ಒಂದು ಮುದ್ದೆ ಉಣ್ಣುವವರಿಗೆ ಅರ್ಧಕ್ಕೇ ಹೊಟ್ಟೆ ತುಂಬಿದಂತಾಗುತ್ತದೆ, ಬೆಲ್ಟಿಗೆ ಹೊಸ ತೂತು ಬೀಳುತ್ತದೆ, ಮಲ ಟಾರಿನ ಹಾಗೆ ಕಪ್ಪಾಗುತ್ತದೆ. ಅಷ್ಟಾದರೂ ಬಿಸಿಲಿಗೆ ಹೀಗಾಗಿದೆ ಅನ್ನುತ್ತಾರೆ! ನೋಡಿ, 50 ದಾಟಿದವರಿಗೆ ಹೊಸದಾಗಿ ಇಂಥ ತೊಂದರೆ ಶುರುವಾದರೆ, ಅಥವಾ ಯಾವ ವಯಸ್ಸಿನಲ್ಲೇ ಆಗಲಿ ತೂಕ ಇಳಿದು ರಕ್ತ ಕಡಿಮೆಯಾದರೆ, ಎಂಡೋಸ್ಕೋಪಿ ಮಾಡಿಸಲೇಬೇಕು. ನನ್ನ ಲ್ಯಾಬಿಗೆ ತುಣುಕು ತಡವಾಗಿ ಬಂದರೆ ಅದರಲ್ಲಿ ಎಷ್ಟು ಚಂದದ ಮಾರ್ಕರ್ ಇದ್ದರೂ ಪ್ರಯೋಜನ ಅಷ್ಟಕ್ಕಷ್ಟೇ.

ಕೊನೆಗೆ ನನ್ನ ಕಡೆಯ ಕೆಲಸದ ಮಾತು. ರಿಪೋರ್ಟಿನಲ್ಲಿ ಕ್ಯಾನ್ಸರ್ ಅಂತ ಬಂದ ದಿನವೇ ಡಾಕ್ಟರನ್ನು ಕೇಳಿ: "ಎಂಎಂಆರ್ ಐಎಚ್‌ಸಿ ಮಾಡಿಸಿದ್ದೀರಾ? ಹೆರ್2 ನೋಡಿದ್ದೀರಾ?" ಎಂಎಂಆರ್ ಅಂದರೆ ಆಗಲೇ ಹೇಳಿದ ತಪ್ಪು ತಿದ್ದುವ ವ್ಯವಸ್ಥೆ. ಹೆರ್2 ಕ್ಯಾನ್ಸರ್ ಕಣದ ಮೇಲಿರುವ ಒಂದು ಪ್ರೋಟೀನ್, ಎಪಿಜೆನೆಟಿಕ್ ಅಲ್ಲ, ಆದರೆ ಹರಡಿದ ಕ್ಯಾನ್ಸರಿಗೆ ಅದನ್ನು ನೋಡಿ ಔಷಧಿ ಆರಿಸುತ್ತಾರೆ. ಬೆಂಗಳೂರಿಗೆ ಹೋಗೋದಾದರೆ ಬರೀ ರಿಪೋರ್ಟಿನ ಜೆರಾಕ್ಸ್ ಹಿಡಿದು ಬಸ್ಸು ಹತ್ತಬೇಡಿ. ಸ್ಲೈಡೂ ಕೇಳಿ, ಬ್ಲಾಕೂ ಕೇಳಿ. ಬ್ಲಾಕ್ ಅಂದರೆ ಬೆಂಕಿಪೊಟ್ಟಣಕ್ಕಿಂತ ಚಿಕ್ಕ ಪ್ಲಾಸ್ಟಿಕ್ ಚೌಕಟ್ಟಿನ ಮೇಲೆ ಕೂತಿರುವ ಮೇಣ, ಅದರೊಳಗೆ ನಿಮ್ಮವರ ತುಣುಕು. ಬರೆದುಕೊಟ್ಟು ಸಹಿ ಹಾಕಿದರೆ ಲ್ಯಾಬಿನವರು ಕೊಡುತ್ತಾರೆ. ಬಿಸಿಲಲ್ಲಿ ಇಡಬೇಡಿ, ಕಾರಿನ ಡ್ಯಾಶ್‌ಬೋರ್ಡಿನ ಮೇಲಂತೂ ಬೇಡವೇ ಬೇಡ, ಮೇಣ ಕರಗುತ್ತದೆ. ಅದು ಜೋಪಾನವಾಗಿದ್ದರೆ ಮತ್ತೊಮ್ಮೆ ಎಂಡೋಸ್ಕೋಪಿ ಮಾಡದೇ ಎಷ್ಟೋ ಪರೀಕ್ಷೆ ಅದರಲ್ಲೇ ಆಗುತ್ತವೆ.