ತಾರೀಕು ತಪ್ಪಿದಾಗ ಪ್ಲಾನ್ ಒಂದನ್ನೇ ಬದಲಿಸಿದರೆ ಸಾಕಾ? ಎಫ್‌ಬಿಐ ಸೆಂಟಿನೆಲ್ ಕಥೆ

[ತೆರೆಯ ಮೇಲೆ: ಕಾಗದದ ಕಡತಗಳ ರಾಶಿ]

ನಮಸ್ಕಾರ. ಅಮೆರಿಕದ ತನಿಖಾ ಸಂಸ್ಥೆ ಎಫ್‌ಬಿಐ, ಕೇಸ್ ಕಡತಗಳನ್ನು ಕಂಪ್ಯೂಟರ್‌ಗೆ ತರಲು ಒಂದು ಸಾಫ್ಟ್‌ವೇರ್ ಮಾಡಿಸಿತು. ಸುಮಾರು 17 ಕೋಟಿ ಡಾಲರ್ ಖರ್ಚಾದ ಮೇಲೆ, 2005ರಲ್ಲಿ ಅದನ್ನು ಕೈಬಿಟ್ಟಿತು. ಮರುವರ್ಷ ಅದೇ ಕೆಲಸಕ್ಕೆ ಸೆಂಟಿನೆಲ್ ಶುರುವಾಯಿತು. ನಾಲ್ಕು ಹಂತ, 2009ರ ಕೊನೆಗೆ ಮುಗಿಸಬೇಕು ಅನ್ನುವುದು ಗುರಿ.

2010ರ ಆಗಸ್ಟ್ ಬಂತು. 45.1 ಕೋಟಿ ಡಾಲರ್ ಬಜೆಟ್‌ನಲ್ಲಿ 40.5 ಕೋಟಿ ಖಾಲಿ. ಕೈಗೆ ಸಿಕ್ಕಿದ್ದು ಎರಡೇ ಹಂತ.

[ತೆರೆಯ ಮೇಲೆ: ಪ್ಲಾನ್, ಮೆಥಡ್, ಮೆಥಡಾಲಜಿ]

ಇಷ್ಟು ಹಂತ, ಇಷ್ಟು ದುಡ್ಡು, ಇಂಥ ತಾರೀಕು ಅನ್ನುವುದು ಪ್ಲಾನ್. ಅದು ಆ ಒಂದು ಪ್ರಾಜೆಕ್ಟ್‌ನದು ಮಾತ್ರ. ಅಂದಾಜು ಹಾಕೋದು, ಟೆಸ್ಟ್ ಮಾಡೋದು, ಇಂಥ ಒಂದೊಂದು ಕೆಲಸಕ್ಕೂ ಇರುವ ಕ್ರಮ ಮೆಥಡ್. ಯಾವ ಮೆಥಡ್ ಯಾವಾಗ ಬೇಕು, ಪ್ಲಾನನ್ನು ಎಷ್ಟು ದೂರದವರೆಗೆ ಹಾಕಬೇಕು, ಯಾವಾಗ ತಿದ್ದಬೇಕು ಎಂದು ತೀರ್ಮಾನಿಸುವುದು ಮೆಥಡಾಲಜಿ. ಅದರ ಬೆನ್ನಿಗೆ ಒಂದು ನಂಬಿಕೆ ಇರುತ್ತದೆ. ಸೆಂಟಿನೆಲ್‌ನ ಮೊದಲ ನಂಬಿಕೆ ಏನು? ಬೇಕಾದದ್ದನ್ನೆಲ್ಲ ಮೊದಲೇ ಬರೆದಿಟ್ಟು, ದೊಡ್ಡ ದೊಡ್ಡ ಹಂತಗಳಲ್ಲಿ ಕಟ್ಟಬಹುದು ಅಂತ.

ತಾರೀಕು ತಪ್ಪಿದಾಗ ನಾವು ಸಾಮಾನ್ಯವಾಗಿ ಪ್ಲಾನನ್ನಷ್ಟೇ ತಿದ್ದುತ್ತೇವೆ ಅಲ್ವಾ? ಎಫ್‌ಬಿಐ ನಂಬಿಕೆಯನ್ನೇ ಬದಲಿಸಿತು. ಹೊರಗಿನ ಗುತ್ತಿಗೆದಾರರಿಂದ ಕೆಲಸವನ್ನು ತನ್ನ ಕೈಗೆ ತೆಗೆದುಕೊಂಡು, ಟೀಮನ್ನು ಚಿಕ್ಕದು ಮಾಡಿ, ಸ್ಕ್ರಮ್ ಹಿಡಿಯಿತು. ಸ್ಕ್ರಮ್ ಅಂದರೆ ಚಿಕ್ಕ ಚಿಕ್ಕ ಸುತ್ತುಗಳಲ್ಲಿ ಕೆಲಸ ಮುಗಿಸಿ, ಕಲಿತದ್ದಕ್ಕೆ ತಕ್ಕಂತೆ ಮುಂದಿನದನ್ನು ತಿದ್ದುತ್ತಾ ಹೋಗುವ ಕ್ರಮ. ಬೇಕುಗಳ ಹಳೆಯ ಪಟ್ಟಿಯನ್ನು ಎಸೆಯಲಿಲ್ಲ, ಅದನ್ನೇ ಯೂಸರ್ ಸ್ಟೋರಿಗಳಾಗಿ, ಅಂದರೆ ಬಳಸುವವರಿಗೆ ಬೇಕಾದ ಒಂದೊಂದು ಚಿಕ್ಕ ಅಗತ್ಯವಾಗಿ, ಒಡೆಯಿತು. ಎರಡೆರಡು ವಾರದ ಸ್ಪ್ರಿಂಟ್, ಅಂದರೆ ಕೆಲಸದ ಒಂದೊಂದು ಸುತ್ತು. ಪ್ರತಿ ಸ್ಪ್ರಿಂಟ್ ಕೊನೆಗೆ, ಮುಗಿದಷ್ಟನ್ನು ಓಡಿಸಿ ತೋರಿಸಬೇಕು.

ಇದನ್ನು ಒತ್ತಿ ಹೇಳುತ್ತೇನೆ. ಬೆಳಿಗ್ಗೆ ಸ್ಟ್ಯಾಂಡಪ್ ಅನ್ನುವ ಚಿಕ್ಕ ಮೀಟಿಂಗ್ ಮಾಡಿ, ಗೋಡೆಗೆ ಕೆಲಸಗಳ ಬೋರ್ಡ್ ಹಾಕಿದರೆ ಮೆಥಡ್ ಬದಲಾಗಿದೆ, ಅಷ್ಟೇ. ವರ್ಷದ ಕೆಲಸ, ತಾರೀಕು, ಬಜೆಟ್ ಮೂರನ್ನೂ ಮೊದಲೇ ಬಿಗಿ ಮಾಡಿ, ಸ್ಪ್ರಿಂಟ್‌ನಲ್ಲಿ ಕಲಿತದ್ದಕ್ಕೆ ಪ್ಲಾನ್‌ನಲ್ಲಿ ಜಾಗ ಇಲ್ಲದಿದ್ದರೆ, ಟೀಮ್ ಸುಮ್ನೆ ದಣಿಯುತ್ತದೆ.

ಹಾಗಂತ ಸ್ಕ್ರಮ್ ಬಂದ ಕೂಡಲೇ ಸೆಂಟಿನೆಲ್ ತಾರೀಕು ಸರಿಹೋಯಿತಾ? ಇಲ್ಲ. 2011ರ ಸೆಪ್ಟೆಂಬರ್ ಗುರಿ ಇತ್ತು, ಅದೂ ಜಾರಿತು. ಅಕ್ಟೋಬರ್‌ನಲ್ಲಿ ನೂರಾರು ಸಿಬ್ಬಂದಿ ಒಟ್ಟಿಗೆ ಬಳಸಿ ನೋಡಿದಾಗ ವ್ಯವಸ್ಥೆ ನಿಂತೇ ಹೋಯಿತು. ಇದ್ದ ಹಳೆಯ ಹಾರ್ಡ್‌ವೇರ್ ಅಷ್ಟು ಭಾರ ತಡೆಯುತ್ತಿರಲಿಲ್ಲ. ಇದು ಎಲ್ಲರಿಗೂ ಬಿಡುಗಡೆ ಮಾಡುವ ಮೊದಲೇ ಗೊತ್ತಾಯಿತು. ಹೊಸ ಹಾರ್ಡ್‌ವೇರ್ ತರಿಸಿ, ಪ್ಲಾನನ್ನು ಮತ್ತೆ ತಿದ್ದಿದರು. 2012ರ ಜುಲೈ 1ರಂದು ಸೆಂಟಿನೆಲ್ ಇಡೀ ಸಂಸ್ಥೆಯ ಸಿಬ್ಬಂದಿಗೆ ಸಿಕ್ಕಿತು.