ಆನ್‌ಸೈಟ್ ಹೊರಡುವ ಮುನ್ನ: ಮ್ಯೂನಿಕ್ ನಗರದ ಖರ್ಚಿನ ಅಂದಾಜು

ಕೇಳುಗರಿಗೆ ನಮಸ್ಕಾರ.

ಬೆಂಗಳೂರಿನ ಕಂಪನಿಗಳಿಂದ ಒಂದೆರಡು ವರ್ಷಗಳ ಮಟ್ಟಿಗೆ ಜರ್ಮನಿಗೆ ಕೆಲಸಕ್ಕೆ ತೆರಳುವವರು ನಮ್ಮ ನಡುವೆ ಅನೇಕರಿದ್ದಾರೆ. ಹಾಗೆ ಹೋಗುವವರ ಕೈಗೆ ಬರುವ ಪತ್ರದಲ್ಲಿ ವರ್ಷಕ್ಕೆ 60,000 ಯೂರೋ ಎಂದು ಬರೆದಿದ್ದರೆ, ಮನೆಮಂದಿ ಅದನ್ನು ನೂರರಿಂದ ಗುಣಿಸಿ ಅರವತ್ತು ಲಕ್ಷ ರೂಪಾಯಿ ಎಂದು ಸಂತೋಷಪಡುವುದು ಸಹಜ. ಆದರೆ ಆ ಗುಣಾಕಾರವೇ ಅಂದಾಜಿನ ದಾರಿ ತಪ್ಪಿಸುತ್ತದೆ. ಯೂರೋದಲ್ಲಿ ದುಡಿದು ಯೂರೋದಲ್ಲೇ ಬದುಕುವವರು ಲೆಕ್ಕವನ್ನೂ ಯೂರೋದಲ್ಲೇ ಹಾಕಬೇಕು. ತಿಂಗಳ ಕೊನೆಗೆ ಉಳಿದು ಊರಿಗೆ ಕಳುಹಿಸಬಹುದಾದ ಮೊತ್ತವನ್ನಷ್ಟೇ ರೂಪಾಯಿಗೆ ಪರಿವರ್ತಿಸಬೇಕು. ಮ್ಯೂನಿಕ್ ನಗರವನ್ನು ಉದಾಹರಣೆಯಾಗಿಟ್ಟುಕೊಂಡು ಆ ಲೆಕ್ಕವನ್ನು ನಿಮ್ಮ ಮುಂದಿಡುತ್ತೇನೆ.

ಮೊಟ್ಟಮೊದಲು ಕೇಳಿ ತಿಳಿಯಬೇಕಾದದ್ದು, ಸಂಬಳ ಯಾವ ದೇಶದ ವೇತನಪಟ್ಟಿಯಿಂದ ಬರುತ್ತದೆ ಎಂಬುದನ್ನು. ಜರ್ಮನಿಯ ಕಂಪನಿಯೇ ಸಂಬಳ ಕೊಡುವುದಾದರೆ, ಆರೋಗ್ಯ, ಪಿಂಚಣಿ, ನಿರುದ್ಯೋಗ ಮತ್ತು ಶುಶ್ರೂಷಾ ವಿಮೆಗಳಿಗೆ ನೌಕರನ ಪಾಲಾಗಿ ಸಂಬಳದ ಐದನೇ ಒಂದು ಭಾಗಕ್ಕಿಂತ ತುಸು ಹೆಚ್ಚೇ ಕಡಿತವಾಗುತ್ತದೆ; ಆದಾಯ ತೆರಿಗೆ ಅದರ ಮೇಲೆ. ತಿಂಗಳಿಗೆ 5,000 ಯೂರೋ ಸಂಬಳವಿರುವ ಒಂಟಿ ನೌಕರನ ಕೈಗೆ ಬರುವುದು ಸುಮಾರು 3,100 ಯೂರೋ ಮಾತ್ರ. ಪತಿ ಅಥವಾ ಪತ್ನಿ ಜೊತೆಗೆ ಜರ್ಮನಿಯಲ್ಲಿ ನೆಲೆಸಿ, ದುಡಿಯುವವರು ಒಬ್ಬರೇ ಆಗಿದ್ದರೆ, ತೆರಿಗೆಯ ಮೂರನೇ ವರ್ಗವನ್ನು ಆರಿಸಿಕೊಳ್ಳಬಹುದು. ಆಗ ಅದೇ ಸಂಬಳಕ್ಕೆ ಸುಮಾರು 400 ಯೂರೋ ಹೆಚ್ಚು ಕೈಗೆ ಸಿಗುತ್ತದೆ. ಸಂಗಾತಿ ಬೆಂಗಳೂರಿನಲ್ಲೇ ಉಳಿದರೆ ಈ ಅನುಕೂಲ ಇರುವುದಿಲ್ಲ. ಆದ್ದರಿಂದ ಕುಟುಂಬವನ್ನು ಕರೆದೊಯ್ಯಬೇಕೇ ಬೇಡವೇ ಎಂಬ ತೀರ್ಮಾನಕ್ಕೆ ಮೊದಲೇ ಕೈಸಂಬಳದ ಅಂದಾಜು ಮಾಡಿದರೆ ಅದು ನಿಲ್ಲುವುದಿಲ್ಲ.

ಭಾರತದ ಕಂಪನಿಯ ನೌಕರರಾಗಿಯೇ ಉಳಿದು ನಿಯೋಜನೆಯ ಮೇಲೆ ಹೋಗುವವರ ಲೆಕ್ಕ ಬೇರೆ. ಭಾರತ ಮತ್ತು ಜರ್ಮನಿಗಳ ನಡುವೆ 2017ರ ಮೇ 1ರಿಂದ ಜಾರಿಯಲ್ಲಿರುವ ಸಾಮಾಜಿಕ ಭದ್ರತಾ ಒಪ್ಪಂದದ ಪ್ರಕಾರ, 48 ತಿಂಗಳವರೆಗಿನ ನಿಯೋಜನೆಯಲ್ಲಿ ನಮ್ಮ ಭವಿಷ್ಯ ನಿಧಿ ಸಂಘಟನೆಯಿಂದ ಕವರೇಜ್ ಪ್ರಮಾಣಪತ್ರ ಪಡೆದವರು ಅಲ್ಲಿನ ಪಿಂಚಣಿ ಮತ್ತು ನಿರುದ್ಯೋಗ ವಿಮೆಗಳ ವಂತಿಗೆ ಕಟ್ಟಬೇಕಾಗಿಲ್ಲ. ನೌಕರನ ಪಾಲಿನ ಆ ವಂತಿಗೆಗಳು ಕ್ರಮವಾಗಿ ಶೇಕಡಾ 9.3 ಮತ್ತು 1.3. ಐದು ಸಾವಿರ ಯೂರೋ ಸಂಬಳಕ್ಕೆ ಅದು ತಿಂಗಳಿಗೆ 530 ಯೂರೋ ಆಗುತ್ತದೆ. ಇಲ್ಲಿನ ಭವಿಷ್ಯ ನಿಧಿಯ ಕಡಿತ ಮುಂದುವರಿಯುತ್ತದೆಯಾದರೂ, ಅದು ನಮ್ಮ ಖಾತೆಯಲ್ಲೇ ಉಳಿಯುವ ಹಣ. ಇಷ್ಟು ಬೆಲೆಬಾಳುವ ಕಾಗದವನ್ನು ಕಂಪನಿ ಮಾಡಿಸಿಕೊಡುತ್ತದೆಯೇ ಎಂದು ವಿಮಾನ ಹತ್ತುವ ಮೊದಲೇ ಸಂಬಂಧಪಟ್ಟ ವಿಭಾಗವನ್ನು ವಿಚಾರಿಸಿಕೊಳ್ಳಬೇಕು. ಸಂಕೋಚದಿಂದ ಸುಮ್ಮನಿರುವ ವಿಷಯ ಇದಲ್ಲ.

ಇನ್ನು ಮನೆ ಬಾಡಿಗೆ. ಇಡೀ ಅಂದಾಜಿನ ಅರ್ಧ ಭಾರ ಇದರ ಮೇಲೆಯೇ ನಿಂತಿದೆ. ಮ್ಯೂನಿಕ್‌ನಲ್ಲಿ ಹೊಸದಾಗಿ ಬಾಡಿಗೆಗೆ ಬರುವ ಮನೆಗಳಿಗೆ ಚದರ ಮೀಟರಿಗೆ 20 ಯೂರೋ ದಾಟುವುದು ಸಾಮಾನ್ಯವಾಗಿದ್ದು, 55 ಚದರ ಮೀಟರಿನ ಮನೆಗೆ 1,150 ಯೂರೋ ಎಂದು ಹಿಡಿದುಕೊಳ್ಳಬಹುದು. ಜಾಹೀರಾತಿನಲ್ಲಿ ಎರಡು ಕೋಣೆಯ ಮನೆ ಎಂದಿದ್ದರೆ ಅದರಲ್ಲಿ ಹಾಲ್ ಕೂಡ ಒಂದು ಕೋಣೆಯಾಗಿ ಎಣಿಕೆಯಾಗಿರುತ್ತದೆ. ಅಂದರೆ ಬೆಂಗಳೂರಿನಲ್ಲಿ ನಾವು ಒಂದು ಬೆಡ್‌ರೂಮಿನ ಮನೆ ಎನ್ನುವಂಥದ್ದು ಅದು. ಅಲ್ಲಿ ಕಾಲ್ಟ್‌ಮೀಟೆ ಎಂದು ನಮೂದಿಸುವ ಮೊತ್ತ ಬರೀ ಗೋಡೆಗಳ ಬಾಡಿಗೆ. ಕಾಯಿಸುವ ವ್ಯವಸ್ಥೆ, ನೀರು, ಕಸ ವಿಲೇವಾರಿ, ಕಟ್ಟಡದ ನಿರ್ವಹಣೆ ಇವೆಲ್ಲ ಸೇರಿದಾಗ ಅದು ವಾರ್ಮ್‌ಮೀಟೆ ಆಗುತ್ತದೆ, ಮತ್ತು ನಮ್ಮ ಉದಾಹರಣೆಯ ಮನೆಗೆ ಅದು 1,400 ಯೂರೋ ಆಸುಪಾಸಿಗೆ ಬರುತ್ತದೆ. ಹೀಗೆ ಸೇರಿಸಿದ ಮೇಲೂ ಮನೆಯೊಳಗಿನ ವಿದ್ಯುತ್ತು ಸಾಮಾನ್ಯವಾಗಿ ಪ್ರತ್ಯೇಕವಾಗಿಯೇ ಉಳಿಯುತ್ತದೆ.

ಬೆಂಗಳೂರಿನಲ್ಲಿ ಅಡ್ವಾನ್ಸ್ ಕೊಟ್ಟು ಅಭ್ಯಾಸವಿರುವವರಿಗೆ ಅಲ್ಲಿನ ಠೇವಣಿ ಅಷ್ಟೇನೂ ಗಾಬರಿ ಹುಟ್ಟಿಸುವುದಿಲ್ಲ. ಕಾನೂನಿನ ಪ್ರಕಾರ ಅದು ಮೂರು ತಿಂಗಳ ಕಾಲ್ಟ್‌ಮೀಟೆಯನ್ನು ಮೀರುವಂತಿಲ್ಲ. ಅದನ್ನೂ ಮೂರು ಕಂತುಗಳಲ್ಲಿ ಕೊಡುವ ಹಕ್ಕು ಬಾಡಿಗೆದಾರನಿಗಿದೆ. ನಿಜವಾಗಿ ಅಚ್ಚರಿ ತರುವುದು ಅಡುಗೆಮನೆ. ಜರ್ಮನಿಯ ಅನೇಕ ಬಾಡಿಗೆ ಮನೆಗಳಲ್ಲಿ ಒಲೆ, ಸಿಂಕು, ಕಪಾಟು ಯಾವುದೂ ಇರುವುದಿಲ್ಲ. ಹಿಂದಿನವರು ಅವನ್ನೆಲ್ಲ ಬಿಚ್ಚಿಕೊಂಡು ಹೋಗಿರುತ್ತಾರೆ, ಇಲ್ಲವೇ ತಮ್ಮಿಂದಲೇ ಕೊಳ್ಳುವಂತೆ ಕೇಳುತ್ತಾರೆ. ತಾತ್ಕಾಲಿಕ ವಾಸದ ಲೆಕ್ಕ ಕಾಯಂ ವಾಸದ ಲೆಕ್ಕದಿಂದ ಬೇರೆಯಾಗುವುದು ಇಲ್ಲಿಯೇ. ಅಡುಗೆಮನೆಗೂ ಮಂಚ, ಮೇಜು, ದೀಪಗಳಿಗೂ ಸೇರಿ 4,000 ಯೂರೋ ಆಯಿತೆಂದು ಇಟ್ಟುಕೊಂಡರೆ, ಹತ್ತು ವರ್ಷ ಇರುವವನಿಗೆ ಅದು ತಿಂಗಳಿಗೆ 33 ಯೂರೋ, ಒಂದೇ ವರ್ಷ ಇರುವವನಿಗೆ 333 ಯೂರೋ. ಹಾಗಾಗಿ ಒಂದು ವರ್ಷಕ್ಕೆ ಹೋಗುವವರು, ತಿಂಗಳಿಗೆ 250 ಯೂರೋ ಹೆಚ್ಚು ಬಾಡಿಗೆಯಾದರೂ ಸಾಮಾನು ಸಹಿತ ಮನೆಯನ್ನು ಹಿಡಿಯುವುದೇ ಮೇಲೆಂದು ನನ್ನ ಖಚಿತ ಅಭಿಪ್ರಾಯ. ಎರಡು ವರ್ಷಕ್ಕೆ ಇದೇ ಲೆಕ್ಕ ತಿರುಗಿಬೀಳುತ್ತದೆ. ಯಾವುದೇ ಒಂದು ಬಾರಿಯ ಖರ್ಚನ್ನು, ಇರುವ ತಿಂಗಳುಗಳಿಂದ ಭಾಗಿಸಿ ನೋಡದೆ ಅಗ್ಗವೆಂದೋ ದುಬಾರಿಯೆಂದೋ ಹೇಳಲಾಗದು.

ಉಳಿದ ತಿಂಗಳ ಖರ್ಚುಗಳು ಇಷ್ಟು ತೊಡಕಿನವಲ್ಲ. ವಿದ್ಯುತ್ತಿಗೆ 60 ಯೂರೋ, ಇಂಟರ್ನೆಟ್ ಮತ್ತು ಎರಡು ಮೊಬೈಲ್‌ಗಳಿಗೆ 60 ಯೂರೋ ಹಿಡಿಯೋಣ. ಬಾನುಲಿಯಲ್ಲಿ ಮಾತನಾಡುತ್ತಿರುವುದರಿಂದ ಇನ್ನೊಂದನ್ನು ಹೇಳಲೇಬೇಕು: ಮನೆಯಲ್ಲಿ ರೇಡಿಯೋ, ಟಿವಿ ಇರಲಿ ಇಲ್ಲದಿರಲಿ, ಅಲ್ಲಿ ಪ್ರತಿ ಮನೆಯೂ ಸಾರ್ವಜನಿಕ ಪ್ರಸಾರಕ್ಕಾಗಿ ತಿಂಗಳಿಗೆ 18.36 ಯೂರೋ ಶುಲ್ಕ ಕಟ್ಟಬೇಕು. ದೇಶದಾದ್ಯಂತ ನಗರ ಸಾರಿಗೆ ಮತ್ತು ಪ್ರಾದೇಶಿಕ ರೈಲುಗಳಲ್ಲಿ ಓಡಾಡಲು ಡಾಯ್ಚ್‌ಲಾಂಡ್ ಟಿಕೆಟ್ ಎಂಬ ಮಾಸಿಕ ಪಾಸಿದೆ. 2023ರ ಮೇ ತಿಂಗಳಲ್ಲಿ 49 ಯೂರೋಗೆ ಆರಂಭವಾದ ಅದರ ದರ 2025ರ ಜನವರಿಯಲ್ಲಿ 58ಕ್ಕೂ 2026ರ ಜನವರಿಯಲ್ಲಿ 63ಕ್ಕೂ ಏರಿತು. ಮೂರು ವರ್ಷದ ಹಿಂದೆ ಹೋಗಿಬಂದ ಗೆಳೆಯರ ಅಂಕಿಗಳನ್ನು ಹಾಗೆಯೇ ನಂಬಬಾರದೆಂಬುದಕ್ಕೆ ಇದೊಂದೇ ಸಾಕು.

ಊಟದ ಖರ್ಚು ಪೂರ್ತಿಯಾಗಿ ನಮ್ಮ ಕೈಯಲ್ಲಿದೆ. ಹಾಲು, ಮೊಸರು, ಗೋಧಿಹಿಟ್ಟು, ಆಲೂಗಡ್ಡೆ, ಎಲೆಕೋಸುಗಳು ಆಲ್ಡಿ, ಲಿಡ್ಲ್‌ನಂತಹ ಅಂಗಡಿಗಳಲ್ಲಿ ಅಲ್ಲಿನ ಸಂಬಳಕ್ಕೆ ಹೋಲಿಸಿದರೆ ಅಗ್ಗವೇ. ಕೊತ್ತಂಬರಿ ಸೊಪ್ಪು, ಬೆಂಡೆಕಾಯಿಗಳಿಗೆ ಟರ್ಕಿಯವರ ಅಂಗಡಿಗಳಿವೆ. ಸೋನಾ ಮಸೂರಿ, ತೊಗರಿಬೇಳೆ, ರಾಗಿಹಿಟ್ಟು ಭಾರತೀಯ ಅಂಗಡಿಗಳಲ್ಲಿ ತುಸು ಹೆಚ್ಚಿನ ಬೆಲೆಗೆ ಸಿಗುತ್ತವೆ. ಮನೆಯಲ್ಲೇ ಅಡುಗೆ ಮಾಡಿಕೊಳ್ಳುವ ಇಬ್ಬರಿಗೆ 450 ಯೂರೋ ಸಾಕಾಗುತ್ತದೆ. ಆದರೆ ಆ ದೇಶದಲ್ಲಿ ಮನುಷ್ಯರ ದುಡಿಮೆಗೆ ಬೆಲೆಯಿದೆ, ಅದು ನ್ಯಾಯವೂ ಹೌದು. ಹಾಗಾಗಿ ಹೋಟೆಲ್ ಊಟ, ಕ್ಷೌರ, ನಲ್ಲಿ ರಿಪೇರಿ, ಮನೆಗೆಲಸದ ನೆರವು ಎಲ್ಲವೂ ದುಬಾರಿ. ಬೆಂಗಳೂರಿನಲ್ಲಿ ಮನೆಗೆಲಸಕ್ಕೆ ಜನರಿದ್ದು, ವಾರಕ್ಕೆ ನಾಲ್ಕು ದಿನ ಹೊರಗೆ ಊಟ ಮಾಡುವವರು ಅದೇ ಜೀವನಕ್ರಮವನ್ನು ಅಲ್ಲಿಯೂ ಮುಂದುವರಿಸುವುದಾದರೆ ಈ ಅಂದಾಜು ಅವರಿಗೆ ಅನ್ವಯಿಸುವುದಿಲ್ಲ.

ಇಬ್ಬರಿಗೂ ಪಾಸು ಸೇರಿದಂತೆ ಇವೆಲ್ಲ ಕೂಡಿದರೆ 2,100 ಯೂರೋ ದಾಟುತ್ತದೆ. ಬಟ್ಟೆ, ಔಷಧ, ಒಂದೆರಡು ಸಣ್ಣ ಪ್ರವಾಸಗಳನ್ನು ಇನ್ನೂ ಸೇರಿಸಿಲ್ಲ. ಸಂಗಾತಿ ಜೊತೆಗಿದ್ದು ಕೈಸಂಬಳ 3,500 ಆದರೆ, ಸಾವಿರ ಯೂರೋ ಉಳಿಸುವುದು ಸಾಧ್ಯ. ಮಕ್ಕಳಿದ್ದರೆ ಅಷ್ಟು ಉಳಿಯುವುದು ಕಷ್ಟ. ಸರ್ಕಾರಿ ಆರೋಗ್ಯ ವಿಮೆಯಲ್ಲಿ ಸಂಪಾದನೆಯಿಲ್ಲದ ಸಂಗಾತಿಗೂ ಮಕ್ಕಳಿಗೂ ಹೆಚ್ಚಿನ ವಂತಿಗೆಯಿಲ್ಲ ಎಂಬುದು ನೆಮ್ಮದಿಯ ವಿಷಯ. ಸರ್ಕಾರಿ ಶಾಲೆಗಳಲ್ಲಿ ಶುಲ್ಕವೂ ಇಲ್ಲ, ಆದರೆ ಪಾಠ ಜರ್ಮನ್ ಭಾಷೆಯಲ್ಲಿ. ಇಂಗ್ಲಿಷ್ ಮಾಧ್ಯಮದ ಖಾಸಗಿ ಅಂತರರಾಷ್ಟ್ರೀಯ ಶಾಲೆಯ ಶುಲ್ಕವನ್ನು ಕಂಪನಿ ಭರಿಸದಿದ್ದರೆ, ಈ ಸಂಬಳದಲ್ಲಿ ಅದು ಹೊಂದುವುದಿಲ್ಲ. ಜೊತೆಗೆ, ಪತ್ನಿಯೋ ಪತಿಯೋ ಇಲ್ಲಿನ ಕೆಲಸ ಬಿಟ್ಟು ಬರುವುದಾದರೆ, ಅವರು ಕಳೆದುಕೊಳ್ಳುವ ಸಂಬಳವನ್ನೂ ಖರ್ಚಿನ ಪಟ್ಟಿಯಲ್ಲಿ ಬರೆಯಬೇಕು. ಬಹುತೇಕ ಮನೆಗಳಲ್ಲಿ ಈ ಸಾಲನ್ನು ಬರೆಯುವುದೇ ಇಲ್ಲ, ಮತ್ತು ಹೆಚ್ಚಾಗಿ ಹೆಣ್ಣುಮಕ್ಕಳ ದುಡಿಮೆಯೇ ಹೀಗೆ ಲೆಕ್ಕದಿಂದ ಹೊರಗುಳಿಯುತ್ತದೆ.

ಊರಿನ ಖರ್ಚುಗಳೂ ನಿಲ್ಲುವುದಿಲ್ಲ. ಮನೆಸಾಲದ ಕಂತು, ಅಪಾರ್ಟ್‌ಮೆಂಟಿನ ನಿರ್ವಹಣಾ ಶುಲ್ಕ, ಆಸ್ತಿ ತೆರಿಗೆ, ತಂದೆತಾಯಿಯರ ಔಷಧ ಇವು ತಿಂಗಳು ತಿಂಗಳೂ ಬರುತ್ತವೆ. ಮನೆಯನ್ನು ಬಾಡಿಗೆಗೆ ಕೊಟ್ಟು ಹೋದವರು ತೆರಿಗೆಯ ದೃಷ್ಟಿಯಲ್ಲಿ ಅನಿವಾಸಿಯಾದರೆ, ಬಾಡಿಗೆದಾರರು ಶೇಕಡಾ 31.2ರಷ್ಟು ತೆರಿಗೆ ಕಡಿದುಕೊಂಡು ಉಳಿದದ್ದನ್ನು ಕೊಡಬೇಕಾಗುತ್ತದೆ. ಹೆಚ್ಚು ಕಡಿತವಾದದ್ದು ರಿಟರ್ನ್ ಸಲ್ಲಿಸಿದ ಮೇಲಷ್ಟೇ ಮರಳಿ ಬರುತ್ತದೆ. ಬಾಡಿಗೆಯಿಂದಲೇ ಸಾಲದ ಕಂತು ಕಟ್ಟುವ ಯೋಜನೆ ಹಾಕಿದವರು ಇದನ್ನು ಗಮನಿಸಲಿ. ತುರ್ತಾಗಿ ಊರಿಗೆ ಓಡಿಬರಬೇಕಾದರೆ ಬೇಕಾಗುವ ವಿಮಾನ ದರವನ್ನು ಬೇರೆಯದೇ ಖಾತೆಯಲ್ಲಿ, ಮುಟ್ಟದಂತೆ ತೆಗೆದಿಡಬೇಕು.

ಮೊದಲ ಎರಡು ತಿಂಗಳಿಗೆ ಕೈಯಲ್ಲಿ ಎಷ್ಟಿರಬೇಕು? ತಾತ್ಕಾಲಿಕ ವಸತಿ, ಠೇವಣಿ, ಮೊದಲ ಬಾಡಿಗೆ, ಚಳಿಗಾಲದ ಉಡುಪು ಎಲ್ಲವೂ ಮೊದಲ ಸಂಬಳಕ್ಕೆ ಮುಂಚೆಯೇ ಎದುರಾಗುತ್ತವೆ. ಮನೆಗೆ ಹೋದ ಎರಡು ವಾರದೊಳಗೆ ಆ ವಿಳಾಸವನ್ನು ನಗರ ಕಚೇರಿಯಲ್ಲಿ ನೋಂದಾಯಿಸಬೇಕು. ತೆರಿಗೆ ಸಂಖ್ಯೆ ಬರುವುದು ಆ ನೋಂದಣಿಯ ನಂತರ. ಅದು ತಡವಾದರೆ ಆರಂಭದ ಸಂಬಳದಿಂದ ಹೆಚ್ಚಿನ ತೆರಿಗೆ ಕಡಿತವಾಗಿ, ಸರಿಹೋಗಲು ಸಮಯ ಹಿಡಿಯಬಹುದು. ಕಂಪನಿ ಮುಂಗಡ ಕೊಡದಿದ್ದರೆ, ಕುಟುಂಬದೊಂದಿಗೆ ಹೋಗುವವರು 8,000 ಯೂರೋ ಸಿದ್ಧವಾಗಿಟ್ಟುಕೊಳ್ಳುವುದು ಕ್ಷೇಮ.

ಹಿಂದಿರುಗುವ ಖರ್ಚನ್ನೂ ಹೊರಡುವ ದಿನವೇ ಬರೆದಿಡಬೇಕು. ಅವಧಿ ಗೊತ್ತುಮಾಡದ ಬಾಡಿಗೆ ಕರಾರನ್ನು ಬಿಡಲು ಮೂರು ತಿಂಗಳ ಮುಂಚೆ ಲಿಖಿತ ಸೂಚನೆ ಕೊಡಬೇಕು. ಯೋಜನೆ ಹಠಾತ್ತನೆ ಮುಗಿದು ಕಂಪನಿ ಒಂದೇ ತಿಂಗಳಲ್ಲಿ ವಾಪಸು ಕರೆಸಿಕೊಂಡರೆ, ಉಳಿದ ತಿಂಗಳ ಬಾಡಿಗೆ ಯಾರು ಕಟ್ಟುತ್ತಾರೆ ಎಂಬುದು ನಿಯೋಜನೆಯ ಪತ್ರದಲ್ಲೇ ಇರಲಿ. ಇಂಟರ್ನೆಟ್ ಸಂಪರ್ಕಗಳು ಎರಡು ವರ್ಷದ ಕರಾರಿನಲ್ಲಿ ಸಿಗುವುದು ಸಾಮಾನ್ಯವಾದ್ದರಿಂದ, ತಿಂಗಳ ಲೆಕ್ಕದ್ದನ್ನು ಹುಡುಕಬೇಕು. ಕಾಯಿಸುವ ವ್ಯವಸ್ಥೆ ಮತ್ತು ನೀರಿನ ವಾರ್ಷಿಕ ಲೆಕ್ಕವನ್ನು ಒಪ್ಪಿಸಲು ಮನೆಯ ಮಾಲೀಕರಿಗೆ ಲೆಕ್ಕದ ವರ್ಷ ಮುಗಿದ ಮೇಲೆ ಹನ್ನೆರಡು ತಿಂಗಳ ಕಾಲಾವಕಾಶವಿದೆ. ಠೇವಣಿಯ ಒಂದು ಭಾಗವನ್ನು ಅಲ್ಲಿಯವರೆಗೆ ಅವರು ತಡೆದಿಟ್ಟುಕೊಳ್ಳಬಹುದು. ಆದ್ದರಿಂದ ಊರಿಗೆ ಮರಳುವಾಗ ಅಲ್ಲಿನ ಬ್ಯಾಂಕ್ ಖಾತೆಯನ್ನು ಮುಚ್ಚದೆ, ಇಲ್ಲಿನ ವಿಳಾಸವನ್ನು ಮಾಲೀಕರಿಗೆ ಬರವಣಿಗೆಯಲ್ಲಿ ಕೊಟ್ಟು, ಆ ಹಣ ಬರುವವರೆಗೆ ಅದನ್ನು ಉಳಿತಾಯದ ಲೆಕ್ಕಕ್ಕೆ ಸೇರಿಸದಿರುವುದು ಒಳ್ಳೆಯದು.

ನಮಸ್ಕಾರ.